ತೋಟದ ಮನೆಗೆ ಯಾವ ಬಗೆಯ ಸೆಪ್ಟಿಕ್ ಟ್ಯಾಂಕ್?

ಪ್ರಶ್ನೆ: ಬೆಂಗಳೂರಿನ ರಾಜಾಜಿನಗರದಲ್ಲಿರುವ ನಾವು ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರಿನ 20 ಗುಂಟೆ ಜಮೀನಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಂದೆ ತಾಯಿ ಸೇರಿ ಐದು ಜನ ಇರುತ್ತೇವೆ, ಹಬ್ಬ ಹರಿದಿನಗಳಲ್ಲಿ ಹದಿನೈದು ಜನ ಸೇರುತ್ತಾರೆ. ಊರಿನಲ್ಲಿ ಒಳಚರಂಡಿ ಇಲ್ಲ. 20 ಅಡಿ ಆಳದ ಗುಂಡಿ ತೋಡಿ, ಸುತ್ತ ಸೈಜುಗಲ್ಲು ಕಟ್ಟಿ, ತಳವನ್ನು ಮಣ್ಣಿಗೇ ಬಿಟ್ಟರೆ ಇಪ್ಪತ್ತು ವರ್ಷ ತುಂಬುವುದೇ ಇಲ್ಲ ಎಂದು ಮೇಸ್ತ್ರಿಯವರು ಹೇಳುತ್ತಾರೆ. ನನ್ನ ಬಾವಮೈದ ಅಂಗಡಿಯಲ್ಲಿ ಸಿಗುವ ಬಯೋ ಟ್ಯಾಂಕ್ ಹಾಕಿಸಿ ಎನ್ನುತ್ತಾರೆ. ಪಂಚಾಯಿತಿಯಲ್ಲಿ ಕೇಳಿದರೆ ಎರಡು ಗುಂಡಿಯ ವ್ಯವಸ್ಥೆ ಸಾಕು ಎಂದರು. ಮೇಸ್ತ್ರಿಯವರು ಗುರುತು ಹಾಕಿರುವ ಜಾಗದಿಂದ ಕೊಳವೆಬಾವಿ 40 ಅಡಿ ದೂರದಲ್ಲಿದೆ. ಜಮೀನಿನ ಒಂದು ಮೂಲೆಯಲ್ಲಿ ಬಂಡೆಯೂ ಕಾಣುತ್ತದೆ. ಇವುಗಳಲ್ಲಿ ಯಾವುದು ಸರಿ?

ಉತ್ತರ: ನಿಮ್ಮ ಮೇಸ್ತ್ರಿಯವರು ಹೇಳಿದ ಮಾತು ಸುಳ್ಳಲ್ಲ. ಆ ಗುಂಡಿ ಬಹುಕಾಲ ತುಂಬದೇ ಇರಬಹುದು. ನಾನು ನಿಮ್ಮನ್ನು ಎಚ್ಚರಿಸಬೇಕಾಗಿರುವುದೂ ಅದೇ ಕಾರಣಕ್ಕೆ. ಐದು ಜನರ ಮನೆಯಿಂದ ದಿನವೂ ನೂರಾರು ಲೀಟರ್ ಕೊಳೆನೀರು ಒಂದು ಗುಂಡಿಗೆ ಬೀಳುತ್ತಿದ್ದು, ಆ ಗುಂಡಿ ವರ್ಷಗಟ್ಟಲೆ ತುಂಬುತ್ತಿಲ್ಲವೆಂದರೆ ನೀರು ಎಲ್ಲಿಗೋ ಹೋಗುತ್ತಿದೆ ಎಂದಾಯಿತು. ಎಲ್ಲಿಗೆ ಹೋಗುತ್ತಿದೆ, ಹೋಗುವ ದಾರಿಯಲ್ಲಿ ಎಷ್ಟು ಮಣ್ಣನ್ನು ಹಾಯುತ್ತಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ನೀವು ಹೆಸರಿಸಿರುವ ಮೂರೂ ವ್ಯವಸ್ಥೆಗಳನ್ನು ಈ ಒಂದೇ ಪ್ರಶ್ನೆಯಿಂದ ಅಳೆಯಬಹುದು. ಬೆಂಗಳೂರಿನ ಸುತ್ತಮುತ್ತ ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆಯಲಾಗುವ ಗುಂಡಿಗಳಲ್ಲಿ ಅನೇಕವಕ್ಕೆ ತಳವೇ ಇರುವುದಿಲ್ಲ. ಅವು ಟ್ಯಾಂಕುಗಳಲ್ಲ, ಇಂಗುಗುಂಡಿಗಳು. ಹತ್ತು ವರ್ಷವಾದರೂ ಒಮ್ಮೆಯೂ ಗಾಡಿ ಕರೆಸಿಲ್ಲ ಎಂದು ಮನೆಯವರು ಸಂತೋಷದಿಂದ ಹೇಳಿಕೊಳ್ಳುವಾಗ, ನಾನು ಆ ಮನೆಯ ಕೊಳವೆಬಾವಿ ಎಲ್ಲಿದೆ ಎಂದು ನೋಡುತ್ತೇನೆ.

ಈ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ನಮ್ಮ ಮನೆಯಲ್ಲೇ ಕಾರಣವಿದೆ. ಮಾಗಡಿ ತಾಲ್ಲೂಕಿನ ನಮ್ಮ ಹಳೆಯ ಮನೆಗೆ ತಂದೆಯವರು 18 ಅಡಿಯ ಇಂಥದೇ ಗುಂಡಿ ತೋಡಿಸಿದ್ದರು. ಹದಿನಾಲ್ಕು ವರ್ಷ ಅದು ತುಂಬಲಿಲ್ಲ, ವಾಸನೆಯೂ ಬರಲಿಲ್ಲ. ಕೊಳವೆಬಾವಿಯ ನೀರು ತಿಳಿಯಾಗಿ, ಕುಡಿಯಲು ಸಿಹಿಯಾಗಿಯೇ ಇತ್ತು. ಮನೆಗೆ ಕೂಸು ಬಂದ ವರ್ಷ, ಪುಡಿಹಾಲು ಕಲಸುವುದಕ್ಕೆ ಈ ನೀರು ಆದೀತೇ ಎಂದು ಪ್ರಯೋಗಾಲಯಕ್ಕೆ ಒಂದು ಬಾಟಲಿ ಕಳುಹಿಸಿದೆ. ವರದಿಯಲ್ಲಿ ಎರಡು ಸಾಲುಗಳು ಕೆಂಪಕ್ಷರದಲ್ಲಿದ್ದವು. ಮಲದಲ್ಲಿರುವ ಇ. ಕೋಲಿ ಎಂಬ ಕ್ರಿಮಿ ಇದೆ ಎಂದು ಒಂದು ಸಾಲು, ನೈಟ್ರೇಟ್ ಮಿತಿಯ ಎರಡರಷ್ಟಿದೆ ಎಂದು ಇನ್ನೊಂದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಇ. ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನೈಟ್ರೇಟ್ ಹೆಚ್ಚಿರುವ ನೀರು ಎಳೆಯ ಕೂಸುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಹೊಲಕ್ಕೆ ಹಾಕಿದ ಗೊಬ್ಬರದಿಂದಲೂ ನೈಟ್ರೇಟ್ ಬರುವುದುಂಟು. ಆದರೆ ಅದರ ಜೊತೆಗೆ ಇ. ಕೋಲಿಯೂ ಕಂಡಿತೆಂದರೆ ಮಲದ ನೀರು ಸೇರಿದೆ ಎಂದೇ ತಿಳಿಯಬೇಕು.

ಕೊಳೆನೀರು ಹೀಗೆ ಬಾವಿಗೆ ಸೇರುವುದಕ್ಕೆ ನಮ್ಮ ನೆಲದ ರಚನೆಯೂ ಅನುಕೂಲವಾಗಿಯೇ ಇದೆ. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ರಾಮನಗರ, ಕೋಲಾರ ಇವೆಲ್ಲ ಗ್ರಾನೈಟ್ ಮತ್ತು ನೈಸ್ ಶಿಲೆಯ ಗಟ್ಟಿ ನೆಲದ ಮೇಲಿವೆ. ಮೇಲೆ ಕೆಲವು ಅಡಿ ಕೆಂಪು ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು ಬೆರೆತ ಪದರ, ಅದರ ಕೆಳಗೆ ಬಂಡೆ. ಬಂಡೆಯೊಳಗೆ ನೀರು ಇರುವುದೂ ಹರಿಯುವುದೂ ಬಿರುಕುಗಳಲ್ಲಿ ಮಾತ್ರ. ಕೊಳೆನೀರನ್ನು ಶುದ್ಧ ಮಾಡುವ ಶಕ್ತಿ ಇರುವುದು ಗಾಳಿಯಾಡುವ ಮೇಲ್ಮಣ್ಣಿಗೆ. ಆ ನೀರನ್ನು 20 ಅಡಿ ಕೆಳಗಿಳಿಸಿದರೆ ಮೇಲ್ಮಣ್ಣಿನ ಕೆಲಸವನ್ನು ನಾವೇ ತಪ್ಪಿಸಿ, ಬಿರುಕಿನ ಬಾಯಿಗೆ ನೀರನ್ನು ಕೈಯಾರೆ ತಲುಪಿಸಿದಂತಾಗುತ್ತದೆ. ಬಿರುಕಿನಲ್ಲಿ ಸೋಸುವ ಮರಳೂ ಇಲ್ಲ, ಮಣ್ಣೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ಆಳವಿದೆ, ಅಲ್ಲಿಗೆ ಈ ನೀರು ಹೇಗೆ ತಲುಪೀತು ಎಂದು ಅನೇಕರು ಕೇಳುತ್ತಾರೆ. ಕೇಸಿಂಗ್ ಪೈಪನ್ನು ಸಾಮಾನ್ಯವಾಗಿ ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಇಳಿಸುತ್ತಾರೆ, ಪೈಪಿಗೂ ತೋಡಿದ ರಂಧ್ರಕ್ಕೂ ನಡುವಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚುವುದು ಬಹಳ ಕಡೆ ನಡೆಯುವುದಿಲ್ಲ. ಮೇಲಿನ ನೀರು ಆ ಸಂದಿಯಗುಂಟ ಸಲೀಸಾಗಿ ಬಾವಿಗೆ ಇಳಿಯುತ್ತದೆ. ನಿಮ್ಮ ಕೊಳವೆಬಾವಿಯ ಸುತ್ತ ಈ ಸಂದಿಗೆ ಸಿಮೆಂಟ್ ಗಾರೆ ತುಂಬಿಸಿ, ಮೇಲೆ ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಕಟ್ಟೆ ಹಾಕಿಸಿ. ಯಾವ ಬಗೆಯ ಟ್ಯಾಂಕ್ ಕಟ್ಟಿಸಿದರೂ ಈ ಕೆಲಸ ಬೇಕೇ ಬೇಕು.

ಈಗ ನಿಜವಾದ ಸೆಪ್ಟಿಕ್ ಟ್ಯಾಂಕ್ ಎಂದರೆ ಏನೆಂದು ನೋಡೋಣ. 1860ರ ಸುಮಾರಿಗೆ ಫ್ರಾನ್ಸಿನಲ್ಲಿ ಜಾನ್ ಲೂಯಿ ಮೂರಾ ಎಂಬುವವರು ತಮ್ಮ ಮನೆಗೆ ಕಟ್ಟಿಸಿದ ಮುಚ್ಚಿದ ತೊಟ್ಟಿಯಿಂದ ಈ ವ್ಯವಸ್ಥೆಯ ಕಥೆ ಆರಂಭವಾಗುತ್ತದೆ. ಅದರ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಅದು ನೀರು ಸೋರದ, ತಳವೂ ಗೋಡೆಯೂ ಗಟ್ಟಿಯಾಗಿರುವ, ಸದಾ ತುಂಬಿಯೇ ಇರುವ ತೊಟ್ಟಿ. ಒಳಬಂದ ಕೊಳೆನೀರು ಅಲ್ಲಿ ಒಂದೆರಡು ದಿನ ನಿಧಾನವಾಗಿ ನಿಂತಾಗ ಭಾರವಾದದ್ದು ತಳಕ್ಕೆ ಕೂತು ಹೂಳಾಗುತ್ತದೆ, ಎಣ್ಣೆ ಜಿಡ್ಡು ಮೇಲಕ್ಕೆ ತೇಲಿ ಕೆನೆಗಟ್ಟುತ್ತದೆ, ನಡುವೆ ಉಳಿದ ತೆಳುನೀರು ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ತಳದ ಹೂಳನ್ನು ಗಾಳಿ ಬೇಡದ ಸೂಕ್ಷ್ಮಾಣುಗಳು ನಿಧಾನವಾಗಿ ಜೀರ್ಣಿಸುತ್ತವೆ. ಹೀಗೆ ತೇಲುವ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಟ್ಯಾಂಕಿನಲ್ಲೇ ಉಳಿಯುತ್ತದೆ. ಸಾವಯವ ಕೊಳೆ ಮಾತ್ರ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಕಡಿಮೆಯಾಗುತ್ತದೆ, ರೋಗಕಾರಕ ಕ್ರಿಮಿಗಳು ಬಹುಪಾಲು ನೀರಿನೊಂದಿಗೇ ಹೊರಹೋಗುತ್ತವೆ. ಆದ್ದರಿಂದ ಟ್ಯಾಂಕಿನಿಂದ ಹೊರಬಿದ್ದ ನೀರು ಶುದ್ಧ ನೀರಲ್ಲ. ಅದನ್ನು ಚರಂಡಿಗಾಗಲಿ, ಪಕ್ಕದವರ ಹೊಲಕ್ಕಾಗಲಿ, ಕೆರೆಯ ಕಡೆಗಾಗಲಿ ಬಿಡುವಂತಿಲ್ಲ. ಟ್ಯಾಂಕ್ ಅರ್ಧ ಕೆಲಸ ಮಾಡಿದರೆ ಮಿಕ್ಕರ್ಧವನ್ನು ಮಣ್ಣು ಮಾಡಬೇಕು.

ಪಂಚಾಯಿತಿಯವರು ಹೇಳಿದ ಎರಡು ಗುಂಡಿಯ ವ್ಯವಸ್ಥೆಯನ್ನು ನಾನು ಗೌರವದಿಂದಲೇ ಕಾಣುತ್ತೇನೆ. 1970ರಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕ್ ಅವರು ದೇಶದುದ್ದಕ್ಕೂ ಹರಡಿದ್ದೂ, ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಭಾಗದಲ್ಲಿ ಮುಂದಿಟ್ಟಿದ್ದೂ ಇದೇ ವ್ಯವಸ್ಥೆಯನ್ನು. ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಆಳದ ಎರಡು ಗುಂಡಿಗಳನ್ನು ಇಟ್ಟಿಗೆಗಳ ನಡುವೆ ಸಂದಿ ಬಿಟ್ಟು ಕಟ್ಟುತ್ತಾರೆ. ಒಂದು ತುಂಬುವುದಕ್ಕೆ ಕೆಲವು ವರ್ಷ ಬೇಕು. ಅದು ತುಂಬಿದಾಗ ಎರಡೂ ಗುಂಡಿಗಳ ಮುಂದಿರುವ ಸಣ್ಣ ತೊಟ್ಟಿಯಲ್ಲಿ ದಾರಿ ತಿರುಗಿಸಿ ಎರಡನೆಯದನ್ನು ಬಳಸಬೇಕು. ಮೊದಲಿನದು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ಮಣ್ಣಿನಂಥ ಗೊಬ್ಬರವಾಗುತ್ತದೆ, ವಾಸನೆಯೂ ಇರುವುದಿಲ್ಲ. ಹೂಳೆತ್ತುವ ಗಾಡಿ ಬೇಕಿಲ್ಲ, ಮನುಷ್ಯರು ಹಸಿ ಮಲವನ್ನು ಮುಟ್ಟಬೇಕಿಲ್ಲ. ಆದರೆ ಈ ಗುಂಡಿಗಳ ಲೆಕ್ಕಾಚಾರವೆಲ್ಲ ಒಂದೂವರೆ ಎರಡು ಲೀಟರ್ ನೀರು ಸುರಿದರೆ ಸಾಕಾಗುವ, ಕಡಿದಾದ ಇಳಿಜಾರಿನ ಬೇಸಿನ್ನಿಗೆ ಮಾಡಿದ್ದು. ನಿಮ್ಮ ಮನೆಯಲ್ಲಿ ಫ್ಲಶ್ ತೊಟ್ಟಿಯಿರುವ ಕಮೋಡ್ ಇರುತ್ತದೆ, ವಯಸ್ಸಾದ ತಂದೆ ತಾಯಿಗೆ ಅದು ಬೇಕೂ ಬೇಕು. ಪ್ರತಿ ಸಲ ಆರೇಳು ಲೀಟರ್ ನೀರು ನುಗ್ಗಿದರೆ ಈ ಅಳತೆಯ ಗುಂಡಿ ಸದಾ ನೀರು ನಿಂತ ಗುಂಡಿಯಾಗಿ, ಒಳಗೆ ಗೊಬ್ಬರವಾಗುವ ಕ್ರಿಯೆಯೇ ನಡೆಯುವುದಿಲ್ಲ. ಜೊತೆಗೆ ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲ ಮಟ್ಟಕ್ಕೂ ನಡುವೆ ಕನಿಷ್ಠ ಎರಡು ಮೀಟರ್ ಮಣ್ಣಿರಬೇಕು, ಕುಡಿಯುವ ನೀರಿನ ಬಾವಿ ಹತ್ತು ಮೀಟರಿನೊಳಗೆ ಇರಬಾರದು. ತೋಟದ ಕೆಲಸಗಾರರಿಗೆಂದು ಹೊರಗೆ ಒಂದು ಶೌಚಾಲಯ ಕಟ್ಟಿಸುವುದಾದರೆ ಅದಕ್ಕೆ ಎರಡು ಗುಂಡಿಯನ್ನೇ ಮಾಡಿಸಿ. ಮನೆಗೆ ಬೇಡ.

ನಿಮ್ಮ ಮನೆಗೆ ನನ್ನ ಸಲಹೆ ಎರಡು ಕೋಣೆಯ, ಸೋರದ ಸೆಪ್ಟಿಕ್ ಟ್ಯಾಂಕ್ ಮತ್ತು ಅದರಿಂದ ಹೊರಬರುವ ನೀರಿಗೆ ಆಳವಿಲ್ಲದ ಇಂಗು ಕಾಲುವೆಗಳು. ಸೆಪ್ಟಿಕ್ ಟ್ಯಾಂಕಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 2470. ಅಗಲ 750 ಮಿಲಿಮೀಟರಿಗಿಂತ, ನೀರಿನ ಆಳ ಒಂದು ಮೀಟರಿಗಿಂತ, ನೀರು ಹಿಡಿಯುವ ಪ್ರಮಾಣ 1000 ಲೀಟರಿಗಿಂತ ಕಡಿಮೆ ಇರಕೂಡದು ಎಂದೂ, ಉದ್ದವು ಅಗಲದ ಎರಡರಿಂದ ನಾಲ್ಕರಷ್ಟಿರಬೇಕೆಂದೂ ಅದು ಹೇಳುತ್ತದೆ. ಇವು ಕನಿಷ್ಠ ಅಳತೆಗಳು. ನಿಮ್ಮ ಮನೆಗೆ ಒಳ ಅಳತೆ 8 ಅಡಿ ಉದ್ದ, 3 ಅಡಿ ಅಗಲ, ನೀರು ನಿಲ್ಲುವ ಆಳ ನಾಲ್ಕೂವರೆ ಅಡಿ, ಅದರ ಮೇಲೆ ಒಂದು ಅಡಿ ಖಾಲಿ ಜಾಗ ಇರಲಿ. ಇದು ಸುಮಾರು 3000 ಲೀಟರ್ ಆಗುತ್ತದೆ. ಒಬ್ಬರಿಂದ ವರ್ಷಕ್ಕೆ 75 ಲೀಟರಿನಷ್ಟು ಹೂಳು ಕೂಡುತ್ತದೆ ಎಂದು ಹಿಡಿದರೆ ಐದು ಜನರಿಂದ ಮೂರು ವರ್ಷಕ್ಕೆ 1125 ಲೀಟರ್. ಉಳಿದ 1875 ಲೀಟರ್ ಜಾಗದಲ್ಲಿ, ಹದಿನೈದು ಜನ ಸೇರಿದ ಹಬ್ಬದ ದಿನ ತಲೆಗೆ ನೂರು ಲೀಟರಿನಂತೆ ಮನೆಯ ಎಲ್ಲ ನೀರೂ ಬಂದರೂ ಒಂದು ಪೂರ್ತಿ ದಿನ ನಿಲ್ಲುವಷ್ಟು ಎಡೆ ಇರುತ್ತದೆ. ಹೊಸ ಮನೆ ನೋಡಲು ನೆಂಟರು ಬಂದ ವಾರವೇ ಶೌಚಾಲಯ ಕಟ್ಟಿಕೊಂಡಿತೆಂಬ ದೂರು ನನಗೆ ಬರುವುದು ಹೆಚ್ಚಾಗಿ 1000 ಲೀಟರ್ ಟ್ಯಾಂಕಿರುವ ಮನೆಗಳಿಂದ.

ಉದ್ದದಲ್ಲಿ ಮೂರನೆಯ ಎರಡು ಭಾಗಕ್ಕೆ ಅಡ್ಡಗೋಡೆ ಕಟ್ಟಿಸಿ, ಗೋಡೆಯ ನಡುಮಟ್ಟದಲ್ಲಿ ನೀರು ಹಾಯುವ ಕಿಂಡಿಗಳನ್ನು ಬಿಡಿಸಿ. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ ಎರಡು ಇಂಚು ಕೆಳಗಿರಬೇಕು. ಎರಡೂ ತುದಿಗೆ ಟಿ ಆಕಾರದ ಪೈಪು ಹಾಕಿಸಲೇಬೇಕು. ಒಳಬರುವ ಕಡೆ ಅದರ ಕಾಲು ನೀರಿನೊಳಗೆ ಒಂದು ಅಡಿ, ಹೊರಹೋಗುವ ಕಡೆ ಒಂದೂವರೆ ಅಡಿ ಇಳಿದಿರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಆನೇಕಲ್ ಕಡೆಯ ಒಂದು ಮನೆಯಲ್ಲಿ ಇಂಗುಗುಂಡಿ ಎರಡೇ ವರ್ಷಕ್ಕೆ ಉಕ್ಕುತ್ತಿದೆ ಎಂದು ಕರೆದಿದ್ದರು. ಟ್ಯಾಂಕಿನ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟು ನೋಡಿದರೆ, ಅಂಗೈ ದಪ್ಪದ ಕಂದು ಕೆನೆ ಹೊರಪೈಪಿನ ಬಾಯಿಗೇ ಬಂದು ನಿಂತಿತ್ತು. ಅಲ್ಲಿ ಟಿ ಇರಲಿಲ್ಲ, ಬರಿಯ ನೇರ ಪೈಪು. ಪ್ರತಿ ಫ್ಲಶ್ಶಿಗೂ ಕೆನೆಯ ಒಂದೊಂದು ಚೂರು ಮುರಿದು ಇಂಗುಗುಂಡಿಗೆ ಹೋಗಿ, ಅಲ್ಲಿನ ಕಲ್ಲಿನ ಸಂದಿಗಳೆಲ್ಲ ಕಪ್ಪು ಜಿಡ್ಡು ಹಿಡಿದು ಮುಚ್ಚಿಹೋಗಿದ್ದವು. ಸಣ್ಣ ಮೊತ್ತಕ್ಕೆ ಸಿಗುವ ಒಂದು ಪೈಪಿನ ತುಂಡು ಇಲ್ಲದ್ದರಿಂದ ಇಡೀ ಗುಂಡಿಯನ್ನು ಹೊಸದಾಗಿ ತೋಡಬೇಕಾಯಿತು.

ಗೋಡೆಗೆ ಒಳಗೂ ಹೊರಗೂ ಗಾರೆ ಮಾಡಿಸಿ, ತಳಕ್ಕೆ ಕಾಂಕ್ರೀಟ್ ಹಾಕಿಸಿದ ಮೇಲೆ, ಮಣ್ಣು ತುಂಬುವುದಕ್ಕೆ ಮುಂಚೆ ಟ್ಯಾಂಕನ್ನು ನೀರಿನಿಂದ ತುಂಬಿಸಿ ಗೋಡೆಗೆ ಗೆರೆ ಎಳೆದು ಒಂದು ದಿನ ಬಿಡಿ. ಗೆರೆಯಿಂದ ನೀರು ಇಳಿದಿದ್ದರೆ ಸೋರುತ್ತಿದೆ ಎಂದು ಅರ್ಥ, ಮೇಸ್ತ್ರಿಯವರಿಗೆ ಆಗಲೇ ತೋರಿಸಿ. ಪ್ರತಿ ಕೋಣೆಯ ಮೇಲೂ ತೆಗೆದು ಹಾಕಬಹುದಾದ ಮುಚ್ಚಳವಿರಲಿ, ಸೊಳ್ಳೆ ಜಾಲರಿ ಕಟ್ಟಿದ ಗಾಳಿಕೊಳವೆ ಮನೆಯ ಚಾವಣಿಗಿಂತ ಮೇಲಕ್ಕೆ ಹೋಗಲಿ.

ಟ್ಯಾಂಕಿಗಿಂತ ಹೆಚ್ಚು ಯೋಚನೆ ಬೇಡುವುದು ನೀರು ಇಂಗುವ ಜಾಗ. ಅದಕ್ಕೆ ಮುಂಚೆ ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕಾಲುವೆ ಬರಬೇಕಾದ ಜಾಗದಲ್ಲಿ, ಅದರ ಆಳಕ್ಕೇ, ಒಂದು ಅಡಿಯೊಳಗಿನ ಅಗಲದ ಕುಳಿಯನ್ನು ತೋಡಿ. ಹಾರೆಯಿಂದ ನುಣುಪಾದ ಪಕ್ಕಗಳನ್ನು ಚಾಕುವಿನಿಂದ ಕೆರೆದು ಮಣ್ಣಿನ ರಂಧ್ರಗಳನ್ನು ಬಿಡಿಸಿ, ಉದುರಿದ ಪುಡಿಯನ್ನು ತೆಗೆದು, ತಳಕ್ಕೆ ಎರಡು ಇಂಚು ದಪ್ಪ ಮರಳು ಹಾಕಿ. ಒಂದು ಅಡಿ ನೀರು ತುಂಬಿಸಿ ಇಡೀ ರಾತ್ರಿ ನೆನೆಯಬಿಡಿ. ಒಣ ಮಣ್ಣು ಮೊದಲ ದಿನ ಗಟಗಟನೆ ಕುಡಿದುಬಿಡುವುದರಿಂದ ಆ ದಿನದ ಅಳತೆಯನ್ನು ನಂಬಬಾರದು. ಮರುದಿನ ಮತ್ತೆ ನೀರು ಹಾಕಿ, ಒಂದು ಕೋಲಿಗೆ ಗುರುತು ಮಾಡಿ ನಿಲ್ಲಿಸಿ, ನೀರು ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಇಂಗಿಸುವುದಕ್ಕೆ ಯೋಗ್ಯವಾದ ಮಣ್ಣು. ಅರ್ಧದಿಂದ ಒಂದು ಗಂಟೆಯಾದರೆ ಕಾಲುವೆಯ ಉದ್ದ ಹೆಚ್ಚಿಸಬೇಕು. ಒಂದು ಗಂಟೆ ಮೀರಿದರೆ ಆ ಮಣ್ಣನ್ನು ನೆಚ್ಚಿಕೊಳ್ಳುವಂತಿಲ್ಲ. ಎರಡು ಮೂರು ನಿಮಿಷಕ್ಕೇ ಇಳಿದುಹೋದರೆ ಸಂತೋಷಪಡಬೇಡಿ, ಅಲ್ಲಿ ಗೊರಚಲು ಅಥವಾ ಬಿರುಕು ಇರಬಹುದು, ಅಂಥ ನೆಲ ನೀರನ್ನು ಸೋಸುವುದಿಲ್ಲ. ಜಮೀನಿನ ಮೂರು ಕಡೆ ಈ ಪರೀಕ್ಷೆ ಮಾಡಿ, ಸಾಧ್ಯವಾದರೆ ಮುಂಗಾರು ಮಳೆ ಒಂದೆರಡು ಬಿದ್ದ ಮೇಲೆ ಮಾಡಿ.

ಕಾಲುವೆಗಳನ್ನು ಎರಡರಿಂದ ಮೂರು ಅಡಿ ಆಳ, ಎರಡು ಅಡಿ ಅಗಲ ತೋಡಿ, ತಳವನ್ನು ಹೆಚ್ಚುಕಡಿಮೆ ಮಟ್ಟಸವಾಗಿ ಇಟ್ಟು, ಜಲ್ಲಿ ಹಾಕಿ, ತೂತುಗಳಿರುವ ನಾಲ್ಕಿಂಚಿನ ಪೈಪನ್ನು ಮಲಗಿಸಿ, ಮೇಲೆ ಮತ್ತೆ ಜಲ್ಲಿ, ಅದರ ಮೇಲೆ ಮಣ್ಣು ಇಳಿಯದಂತೆ ಹಳೆಯ ಗೋಣಿ ಅಥವಾ ಒಣಹುಲ್ಲು ಹಾಸಿ, ಕೊನೆಗೆ ಮಣ್ಣು ಮುಚ್ಚಬೇಕು. ಮಧ್ಯಮ ದರ್ಜೆಯ ಕೆಂಪು ಮಣ್ಣಿಗೆ ನಾನು ಚದರ ಮೀಟರಿಗೆ ದಿನಕ್ಕೆ 20 ಲೀಟರ್ ಇಂಗುತ್ತದೆ ಎಂದು ಕೈಹಿಡಿತದ ಲೆಕ್ಕ ಹಾಕುತ್ತೇನೆ. ಶೌಚದ ನೀರು ಮಾತ್ರ ಟ್ಯಾಂಕಿಗೆ ಬಂದರೆ ಐದು ಜನರಿಂದ ದಿನಕ್ಕೆ ಸುಮಾರು 200 ಲೀಟರ್ ಆಗುತ್ತದೆ, ಅದಕ್ಕೆ 10 ಚದರ ಮೀಟರ್ ಬೇಕು. 30 ಅಡಿ ಉದ್ದದ ಎರಡು ಕಾಲುವೆಗಳಲ್ಲಿ ಅಷ್ಟು ಸಿಗುತ್ತದೆ. ನಡುವೆ ಆರೇಳು ಅಡಿ ಅಂತರವಿರಲಿ. ಮೂರನೆಯದಕ್ಕೆ ಜಾಗ ಖಾಲಿ ಬಿಟ್ಟಿರಿ. ಆಳದ ಇಂಗುಗುಂಡಿಗಿಂತ ಇದು ಹೆಚ್ಚು ನೆಲವನ್ನು ಬೇಡುತ್ತದೆ, ನಿಜ. ಆದರೆ 20 ಗುಂಟೆಯೆಂದರೆ 21,780 ಚದರ ಅಡಿ, ನಿಮಗೆ ಜಾಗದ ಕೊರತೆಯಿಲ್ಲ. 30–40ರ ಸೈಟಿನವರಿಗೆ ಈ ಭಾಗ್ಯವಿಲ್ಲ. ಕಾಲುವೆಯ ಮೇಲೆ ಹುಲ್ಲು, ಹೂವಿನ ಗಿಡ ಬೆಳೆಸಬಹುದು. ಸೊಪ್ಪು, ಮೂಲಂಗಿ, ಗಜ್ಜರಿಯಂಥ ಹಸಿಯಾಗಿ ತಿನ್ನುವ ಬೆಳೆ ಬೇಡ, ಮಾವು ಹಲಸಿನಂಥ ದೊಡ್ಡ ಬೇರಿನ ಮರವೂ ಬೇಡ, ಕಾರು ನಿಲ್ಲಿಸುವುದೂ ಬೇಡ.

ದೂರದ ಬಗ್ಗೆ ನಾನು ರಾಜಿಯಾಗುವುದಿಲ್ಲ. ನೀರು ಇಂಗುವ ಜಾಗವು ಕುಡಿಯುವ ನೀರಿನ ಮೂಲದಿಂದ 18 ಮೀಟರ್, ಅಂದರೆ 60 ಅಡಿ ದೂರವಿರಬೇಕೆಂದು ಮಾನಕವೇ ಹೇಳುತ್ತದೆ. ಮೇಸ್ತ್ರಿಯವರು ಗುರುತು ಮಾಡಿರುವ 40 ಅಡಿಯ ಜಾಗ ಅಲ್ಲಿಗೇ ತಿರಸ್ಕೃತ. ಬಿರುಕು ಬಂಡೆಯ ನಮ್ಮ ಸೀಮೆಯಲ್ಲಿ ನಾನು 100 ಅಡಿ ಕೇಳುತ್ತೇನೆ, ಅದೂ ಕೊಳವೆಬಾವಿಗಿಂತ ಇಳಿಜಾರಿನ ತಗ್ಗಿನ ಕಡೆಗೆ. ಅಳೆಯುವಾಗ ಬೇಲಿಯಾಚೆಯ ನೆರೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವರ ಮನೆಯ ಮಕ್ಕಳೂ ಆ ನೀರನ್ನೇ ಕುಡಿಯುತ್ತಾರೆ.

ಬಂಡೆ ಕಾಣುವ ಮೂಲೆಯ ಕಡೆಗೆ ಕಾಲುವೆ ಒಯ್ಯಬೇಡಿ. ಒಂದು ವೇಳೆ ಪರೀಕ್ಷೆಯ ಕುಳಿಗಳಲ್ಲೆಲ್ಲ ಮೂರು ನಾಲ್ಕು ಅಡಿಗೇ ಬಂಡೆ ಸಿಕ್ಕಿತೆಂದರೆ, ಅಥವಾ ಮಣ್ಣು ನೀರನ್ನೇ ಕುಡಿಯದ ಜೇಡಿಯೆಂದಾದರೆ, ಬೇರೆ ದಾರಿ ಹಿಡಿಯಬೇಕಾಗುತ್ತದೆ. ಟ್ಯಾಂಕಿನ ನಂತರ ಇನ್ನೊಂದು ಕೋಣೆ ಕಟ್ಟಿ, ಅದರಲ್ಲಿ 20 ಮಿಲಿಮೀಟರ್ ಜಲ್ಲಿ ತುಂಬಿ, ನೀರು ಕೆಳಗಿನಿಂದ ಮೇಲಕ್ಕೆ ಏರುವಂತೆ ಮಾಡಿದರೆ ಜಲ್ಲಿಗೆ ಅಂಟಿದ ಸೂಕ್ಷ್ಮಾಣುಗಳು ಉಳಿದ ಕೊಳೆಯಲ್ಲಿ ಇನ್ನೊಂದಷ್ಟನ್ನು ತಿಂದುಹಾಕುತ್ತವೆ. ಅಲ್ಲಿಂದ ಹೊರಬಂದ ನೀರನ್ನು ತಳಕ್ಕೆ ಕಾಂಕ್ರೀಟ್ ಹಾಕಿದ, ಎರಡಡಿ ಆಳದ ಜಲ್ಲಿಯ ಮಡಿಯೊಳಗೆ ಹಾಯಿಸಿ, ಅದರಲ್ಲಿ ಹೂಬಾಳೆಯಂಥ ನೀರು ಪ್ರಿಯ ಗಿಡಗಳನ್ನು ನೆಡಬೇಕು. ನೀರು ಜಲ್ಲಿಯ ಮಟ್ಟದಿಂದ ಕೆಳಗೇ ಹರಿಯುವುದರಿಂದ ಸೊಳ್ಳೆಯಾಗುವುದಿಲ್ಲ. ಬೆಂಗಳೂರಿನ ಸಿಡಿಡಿ ಸೊಸೈಟಿಯಂಥ ಸಂಸ್ಥೆಗಳು ವಸತಿ ಶಾಲೆ, ಬಡಾವಣೆಗಳಿಗೆ ಇದೇ ತತ್ತ್ವದಲ್ಲಿ ದೊಡ್ಡ ವ್ಯವಸ್ಥೆಗಳನ್ನು ಮಾಡಿಕೊಂಡು ಬಂದಿವೆ. ಮನೆಯಳತೆಗೆ ಖರ್ಚು ಸ್ವಲ್ಪ ಹೆಚ್ಚಾದರೂ ವಿದ್ಯುತ್ತಿನ ಹಂಗಿಲ್ಲ, ಕೆಡುವ ಯಂತ್ರವಿಲ್ಲ. ಕೊನೆಯ ನೀರು ತೆಂಗು, ಅಡಿಕೆಯಂಥ ಮರಗಳ ಬುಡಕ್ಕೆ ಹೋಗಬಹುದು, ಸೊಪ್ಪಿನ ಮಡಿಗೆ ಹೋಗಕೂಡದು.

ನಿಮ್ಮ ಬಾವಮೈದ ಹೇಳಿದ ಬಯೋ ಟ್ಯಾಂಕಿನ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಬೇರೆ ಬೇರೆ ವಸ್ತುಗಳಿವೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಹಿಮಪ್ರದೇಶದ ಸೈನಿಕರಿಗಾಗಿ ರೂಪಿಸಿ, ಮುಂದೆ ರೈಲು ಬೋಗಿಗಳಿಗೂ ಬಂದ ಬಯೋ ಡೈಜೆಸ್ಟರ್ ಒಂದು ಬಗೆ. ಅದರಲ್ಲಿ ವಿಶೇಷವಾಗಿ ಬೆಳೆಸಿದ ಸೂಕ್ಷ್ಮಾಣುಗಳಿರುತ್ತವೆ. ಇನ್ನು ಕೆಲವು ಬರಿಯ ಪ್ಲಾಸ್ಟಿಕ್ ಅಥವಾ ಫೈಬರಿನ ಸೆಪ್ಟಿಕ್ ಟ್ಯಾಂಕುಗಳು, ಹೆಸರು ಮಾತ್ರ ಬಯೋ. ಗಾಳಿ ಊದುವ ಮೋಟಾರಿರುವವು ಮೂರನೆಯ ಬಗೆ. ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಕರೆಂಟು ಇರುವವರೆಗೆ. ಇವೆಲ್ಲಕ್ಕೂ ಹೊರಬರುವ ನೀರಿಗೆ ಇಂಗು ಕಾಲುವೆ ಬೇಕೇ ಬೇಕು, ಮಾರುವವರು ಅದನ್ನು ಹೇಳದಿರಬಹುದು. ರೆಡಿಮೇಡ್ ಟ್ಯಾಂಕನ್ನೇ ತರುವುದಾದರೆ ಪಟ್ಟಿಯಲ್ಲಿ ಬರೆದ ‘ಇಷ್ಟು ಜನರಿಗೆ’ ಎಂಬುದನ್ನು ನೋಡದೆ ಲೀಟರ್ ನೋಡಿ, 3000ಕ್ಕಿಂತ ಕಡಿಮೆ ಬೇಡ. ಸುತ್ತ ಮಣ್ಣು ತುಂಬುವಾಗ ಒಳಗೂ ಸಮಸಮನಾಗಿ ನೀರು ತುಂಬುತ್ತ ಹೋಗಬೇಕು, ಇಲ್ಲವಾದರೆ ಗೋಡೆ ಒಳಕ್ಕೆ ಬಾಗುತ್ತದೆ. ಖಾಲಿ ಟ್ಯಾಂಕನ್ನು ಮಳೆಗಾಲದಲ್ಲಿ ಹೂಳಿಟ್ಟರೆ ನೆಲದಡಿಯ ನೀರು ಅದನ್ನು ದೋಣಿಯಂತೆ ಮೇಲಕ್ಕೆ ತೇಲಿಸಿಬಿಡುತ್ತದೆ. ಪ್ಯಾಕೆಟ್ಟಿನಲ್ಲಿ ಬರುವ ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಹೂಳೆತ್ತುವುದೇ ಬೇಡ ಎಂಬ ಮಾತನ್ನು ನಂಬಬೇಡಿ. ಆರಂಭದಲ್ಲಿ ಒಂದು ಬಕೆಟ್ ಸೆಗಣಿ ಬಗ್ಗಡ ಸುರಿಯುವ ನಮ್ಮ ಹಳೆಯ ರೂಢಿಯಿಂದ ತೊಂದರೆಯಿಲ್ಲ, ಅದಿಲ್ಲದೆಯೂ ಟ್ಯಾಂಕ್ ತಾನೇ ಕೆಲಸ ಶುರು ಮಾಡುತ್ತದೆ. ಮನೆಯಲ್ಲಿ ಮೂರು ನಾಲ್ಕು ಹಸು ಇದ್ದರೆ ಶೌಚಾಲಯವನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಜೋಡಿಸುವುದು ಸೊಗಸಾದ ಉಪಾಯ. ಆದರೆ ಹಸುವಿನ ವಿಚಾರವನ್ನು ನೀವು ಬರೆದಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಮೇಲಿನ ಲೆಕ್ಕದಲ್ಲಿ ಶೌಚದ ನೀರು ಮಾತ್ರ ಎಂದಿದ್ದೇನೆ. ಸ್ನಾನ ಮತ್ತು ಬಟ್ಟೆ ಒಗೆಯುವ ನೀರನ್ನು ಬೇರೆ ಪೈಪಿನಲ್ಲಿ ತನ್ನಿ. ಬಚ್ಚಲ ನೀರಿಗೆ ಬಾಳೆ ಎಂಬುದು ನಮ್ಮ ಹಳ್ಳಿಯ ಹಿತ್ತಿಲುಗಳೇ ಕಲಿಸಿದ ಪಾಠ. ಜಲ್ಲಿ ತುಂಬಿದ ಒಂದು ಸಣ್ಣ ಗುಂಡಿ ಹಾಯಿಸಿ ಬಾಳೆಯ ಸಾಲಿಗೆ ಬಿಟ್ಟರೆ ಗಿಡವೂ ಬೆಳೆಯುತ್ತದೆ, ಟ್ಯಾಂಕಿನ ಹೊರೆಯೂ ಇಳಿಯುತ್ತದೆ. ಅಡುಗೆಮನೆಯ ನೀರಿಗೆ ಮೊದಲು ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ಬೇಕು, ಅದನ್ನು ತಿಂಗಳಿಗೊಮ್ಮೆ ಬಳಿಯಬೇಕು. ಚಾವಣಿಯ ಮಳೆನೀರು ಮಾತ್ರ ಯಾವ ಕಾರಣಕ್ಕೂ ಸೆಪ್ಟಿಕ್ ಟ್ಯಾಂಕಿಗೆ ಸೇರಬಾರದು. ಒಂದೇ ಜೋರು ಮಳೆಗೆ ತಳದ ಹೂಳೆಲ್ಲ ಕದಡಿ ಕಾಲುವೆಗೆ ನುಗ್ಗುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಸುರಿದರೆ ಒಳಗಿನ ಸೂಕ್ಷ್ಮಾಣುಗಳು ಸಾಯುತ್ತವೆ. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್ ಕಮೋಡಿಗೆ ಬೀಳದಂತೆ ಮನೆಯವರಿಗೆಲ್ಲ ತಿಳಿಸಿ.

ಸರಿಯಾದ ಟ್ಯಾಂಕ್ ತುಂಬುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಹೂಳೆತ್ತಿಸಬೇಕಾಗುತ್ತದೆ. ಉದ್ದನೆಯ ಕೋಲಿಗೆ ಬಿಳಿಯ ಹಳೆ ಟವೆಲ್ ಸುತ್ತಿ ತಳದವರೆಗೆ ಇಳಿಸಿ ಕೆಲವು ನಿಮಿಷ ಬಿಟ್ಟು ಎತ್ತಿದರೆ ಹೂಳಿನ ಕಪ್ಪು ಗುರುತು ಎಲ್ಲಿಯವರೆಗಿದೆ ಎಂದು ಕಾಣುತ್ತದೆ. ನೀರಿನ ಆಳದ ಮೂರನೆಯ ಒಂದು ಭಾಗಕ್ಕೆ ಬಂದಿದ್ದರೆ ಗಾಡಿ ಕರೆಸಿ. ತಳದಲ್ಲಿ ಸ್ವಲ್ಪ ಹೂಳನ್ನು ಉಳಿಸಿ, ಕೂಡಲೇ ಟ್ಯಾಂಕಿಗೆ ನೀರು ತುಂಬಿಸಿ. ಆ ಹೂಳನ್ನು ಎಲ್ಲಿ ಸುರಿಯುತ್ತೀರಿ ಎಂದು ಗಾಡಿಯವರನ್ನು ಕೇಳುವುದು ನಿಮ್ಮ ಹೊಣೆ. ಹಸಿ ಹೂಳಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಬಹುಕಾಲ ಬದುಕಿರುತ್ತವೆ, ತರಕಾರಿ ಹೊಲಕ್ಕೆ ನೇರವಾಗಿ ಸುರಿದರೆ ಅವು ಮತ್ತೆ ನಮ್ಮ ತಟ್ಟೆಗೇ ಬರುತ್ತವೆ. ನಿಮ್ಮ ನೆರೆಯ ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಹೂಳನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ಆರಂಭವಾಯಿತು.

ಇನ್ನು ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸುವ ಮಾತು. ಯಾರೇ ಆಗಲಿ, ಎಷ್ಟೇ ಅನುಭವವಿರಲಿ, ಒಳಗೆ ಇಳಿಯಬಾರದು. ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಇರುತ್ತವೆ. ಮೊದಲನೆಯದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತು ವಾಸನೆ ಹೋಯಿತು ಎನಿಸುತ್ತದೆ, ಇಳಿದವರು ಕ್ಷಣದಲ್ಲಿ ಕುಸಿಯುತ್ತಾರೆ, ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಟ್ಯಾಂಕ್ ಶುಚಿ ಮಾಡಿಸುವುದನ್ನು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ‘ಒಂದು ಸಲ ಇಳಿದು ಕೈಯಲ್ಲೇ ತೆಗೆದುಬಿಡುತ್ತೇವೆ’ ಎಂದು ಯಾರಾದರೂ ಮುಂದೆ ಬಂದರೂ ನೀವು ಒಪ್ಪಬೇಡಿ. ಮುಚ್ಚಳದ ಬಳಿ ಬೆಂಕಿಕಡ್ಡಿ ಗೀರುವುದೂ ಬೇಡ.

ಆದ್ದರಿಂದ ಟ್ಯಾಂಕಿನ ಜಾಗವನ್ನು ಗಾಡಿಯ ಕೊಳವೆ ತಲುಪುವಂತೆ ರಸ್ತೆಗೆ ಹತ್ತಿರವಾಗಿಯೇ ಆರಿಸಿ, ಇಂಗು ಕಾಲುವೆಗಳು ಅಲ್ಲಿಂದ ತಗ್ಗಿನ ಕಡೆಗೆ ಹೋಗಲಿ. ಮುಚ್ಚಳಗಳ ಮೇಲೆ ಟೈಲ್ಸ್ ಹಾಕಿಸಿ ಅಂಗಳ ಮಾಡಬೇಡಿ. ಕೆಲಸ ಆರಂಭಿಸುವ ಮುನ್ನ ಕೊಳವೆಬಾವಿಯ ನೀರನ್ನು ಒಮ್ಮೆ ಇ. ಕೋಲಿ ಮತ್ತು ನೈಟ್ರೇಟಿಗೆ ಪರೀಕ್ಷೆ ಮಾಡಿಸಿ ಆ ವರದಿಯನ್ನು ಇಟ್ಟುಕೊಳ್ಳಿ, ಆಮೇಲೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮಾಡಿಸಿ ಅದರೊಂದಿಗೆ ಹೋಲಿಸಿ. ಕಾಲುವೆಗಳಿಗೆ ಮಣ್ಣು ಮುಚ್ಚುವ ದಿನ ನೀವೇ ಊರಿನಲ್ಲಿರಿ. ಟ್ಯಾಂಕಿನ ಎರಡೂ ಮುಚ್ಚಳ, ಪೈಪು ತಿರುಗುವ ಜಾಗ, ಕಾಲುವೆಗಳ ತುದಿ ಇವು ಮನೆಯ ಯಾವ ಮೂಲೆಯಿಂದ ಎಷ್ಟು ಅಡಿಯಲ್ಲಿವೆ ಎಂದು ಟೇಪು ಹಿಡಿದು ಅಳೆದು, ನಕ್ಷೆ ಬರೆದು, ನಾಲ್ಕಾರು ಫೋಟೋ ತೆಗೆದು, ಮನೆಯ ಪತ್ರಗಳ ಜೊತೆಗೇ ಇಡಿ.